ಮೇಷ್ಟ್ರ ದಂಡದ ಬೋಂಡ

ಎಲ್ಲರಿಗೂ ನಮಸ್ಕಾರ. ಹಿಂದಿನವರಿಗೆ ಕೇಳಿಸ್ತಿದೆಯಾ? ಸರಿ.

ನಮ್ಮನ್ನು ಬಿಟ್ಟುಹೋದ ಮೇಷ್ಟ್ರ ನೆನಪಿನ ಈ ಸಭೆಯಲ್ಲಿ ನನಗೆ ಇಪ್ಪತ್ತು ನಿಮಿಷ ಕೊಟ್ಟಿದ್ದಾರೆ. ಅದರಲ್ಲಿ ಮೊದಲ ಎರಡು ನಿಮಿಷ ಜಗಳಕ್ಕೆ ಬೇಕು. ನನ್ನ ಬೆನ್ನ ಹಿಂದಿನ ಬ್ಯಾನರ್ ನೋಡಿ. ‘ಸಾಹಸಿ, ಓಟಗಾರ, ಗುರು’ ಅಂತ ಹಾಕಿಸಿದ್ದೀರಿ. ಓಟಗಾರ, ಹೌದು. ಗುರು, ಅದೂ ಹೌದು. ಆ ಮೊದಲನೇ ಪದದ ಮೇಲೆ ನನಗೆ ತಕರಾರಿದೆ. ಮೇಷ್ಟ್ರು ತಮ್ಮನ್ನು ಕರೆದುಕೊಳ್ಳುತ್ತಿದ್ದ ಪದವೇ ಬೇರೆ. “ನಾನು ಪುಕ್ಕಲ ಕಣ್ರೋ. ಅದಕ್ಕೇ ಇನ್ನೂ ಬೆಟ್ಟ ಹತ್ತುತ್ತಾ ಇದ್ದೀನಿ.” ಈ ಹಾಲ್‌ನಲ್ಲಿ ಅರ್ಧ ಜನ ಈ ಮಾತು ಕೇಳಿದ್ದೀರಿ. ಆದರೂ ಪ್ರಿಂಟಿಂಗ್‌ಗೆ ಕೊಡುವಾಗ ಮರೆತುಬಿಟ್ಟಿರಿ.

ಬ್ಯಾನರಿನಲ್ಲಿ ಅವರ ಪೂರ್ತಿ ಹೆಸರು ಇನಿಷಿಯಲ್ ಸಮೇತ ಇದೆ. ಅದನ್ನು ಓದಿ ನನಗೆ ಯಾರೋ ಬೇರೆಯವರು ಅನ್ನಿಸಿತು. ನಮಗೆಲ್ಲ ಅವರು ಪಿ.ಟಿ. ಮೇಷ್ಟ್ರು. ಅಮ್ಮ, ಅಂದರೆ ಮೇಷ್ಟ್ರ ಮನೆಯವರು, ಅವರೂ ಫೋನ್ ಎತ್ತಿದರೆ “ಮೇಷ್ಟ್ರು ಇಲ್ಲ, ಲಾಲ್‌ಬಾಗ್‌ಗೆ ಹೋಗಿದ್ದಾರೆ” ಅನ್ನುತ್ತಿದ್ದರು. ಅಲ್ವಾ ಅಮ್ಮ?

ಲಾಲ್‌ಬಾಗ್ ಅಂದರೆ ವಾಕಿಂಗ್ ಅಂದುಕೊಳ್ಳಬೇಡಿ, ಆ ಬಂಡೆ. ಕೆಂಪೇಗೌಡರ ಗೋಪುರ ಇದೆಯಲ್ಲ, ಅದರ ಕೆಳಗಿನ ಬಂಡೆ. ಸುಮಾರು 300 ಕೋಟಿ ವರ್ಷ ಹಳೆಯದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಬೋರ್ಡೂ ಇದೆ. ನಮಗೆ ಅದು ಭಾನುವಾರ ಬೆಳಿಗ್ಗೆ ಆರು ಗಂಟೆಯ ಕ್ಲಾಸ್ ರೂಮು. ಕೈ ಹಿಂದೆ ಕಟ್ಟಿಕೊಂಡು ಹತ್ತಬೇಕು, ಕೈ ಕಟ್ಟಿಕೊಂಡೇ ಇಳಿಯಬೇಕು. ಹೆದರಿದ ಹುಡುಗ ಬಂಡೆ ಕಡೆಗೆ ಬಾಗುತ್ತಾನೆ. ಬಾಗಿದರೆ ಮೈಭಾರ ಪಾದದ ಮೇಲಿಂದ ಸರಿಯುತ್ತದೆ, ಕಾಲು ಜಾರುತ್ತದೆ. “ನೆಟ್ಟಗೆ ನಿಂತ್ಕೊಳೋ. ಬಂಡೆಗೆ ನಮಸ್ಕಾರ ಆಮೇಲೆ ಮಾಡೀವಂತೆ.” ನಾಲ್ಕು ಭಾನುವಾರ ಇಷ್ಟೇ. ಹಗ್ಗ ಮುಟ್ಟಿಸುತ್ತಿರಲಿಲ್ಲ. ಐದನೇ ವಾರಕ್ಕೆ ಅರ್ಧ ಹುಡುಗರು ಕ್ರಿಕೆಟ್ಟಿಗೆ ಓಡಿಹೋಗುತ್ತಿದ್ದರು. ಉಳಿದವರನ್ನು ಸಾವನದುರ್ಗಕ್ಕೆ ಕರೆದುಕೊಂಡು ಹೋಗುತ್ತಿದ್ದರು.

ಸಾವನದುರ್ಗದ ಕಥೆ ನಾನು ಪ್ರತಿ ಸಲ ಹೇಳುತ್ತೇನೆ, ನನ್ನ ಹೆಂಡತಿ ಆಗಲೇ ತಲೆ ತಗ್ಗಿಸಿದಳು. ಪರವಾಗಿಲ್ಲ, ಇವತ್ತು ಹೇಳದೆ ಇನ್ಯಾವಾಗ ಹೇಳಲಿ?

1988, ಮೇ ತಿಂಗಳು. ನನ್ನ ಒಂಬತ್ತನೇ ಕ್ಲಾಸ್ ಮುಗಿದಿತ್ತು. ಹನ್ನೊಂದು ಜನ ಮಾಗಡಿ ಬಸ್ಸಿನಲ್ಲಿ ಹೋದೆವು. ವೀರಭದ್ರಸ್ವಾಮಿ ಗುಡಿ ಹತ್ತಿರ ಶೂ ಲೇಸು ಬಿಗಿದು ಹೊರಟೆವು. ಆ ಬೆಟ್ಟ ನೋಡಿದವರಿಗೆ ಗೊತ್ತು, ಸಮುದ್ರ ಮಟ್ಟದಿಂದ 1,226 ಮೀಟರ್ ಎತ್ತರ, ಒಂದೇ ಬೋಳು ಬಂಡೆ. ಮೆಟ್ಟಿಲಿಲ್ಲ, ಹಿಡಿಯೋಕೆ ಏನೂ ಇಲ್ಲ. ಒಣಗಿದ್ದರೆ ಗೋಂದು ಹಚ್ಚಿದ ಹಾಗೆ ಕಾಲು ನಿಲ್ಲುತ್ತದೆ. ಒದ್ದೆಯಾದರೆ ಪಾಚಿಯೆಲ್ಲ ಎದ್ದು ಸೋಪು ಬಳಿದ ಬಚ್ಚಲಾಗುತ್ತದೆ. ಇಳಿಯುವವರ ಗತಿ ದೇವರಿಗೇ ಪ್ರೀತಿ.

ಮೇಲಿನ ನಂದಿ ಮಂಟಪ ಕಾಣುತ್ತಿತ್ತು. ಇನ್ನು ಕಾಲು ಗಂಟೆ ಅಷ್ಟೇ. ಪಡುವಣದ ಕಡೆ ಮೋಡ ಎದ್ದಿತು. ದೊಡ್ಡದೇನಲ್ಲ, ನನ್ನ ಕಣ್ಣಿಗೆ ಒಂದು ಎಮ್ಮೆಯಷ್ಟು. ಮೇಷ್ಟ್ರು ನಿಂತರು. ನೋಡಿದರು. “ತಿರುಗ್ರೋ” ಅಂದರು.

ನಾವು ಕೇಳಿದೆವು, ಗೋಗರೆದೆವು. ನಾನಂತೂ ಒಬ್ಬನೇ ಓಡಿ ಮಂಟಪ ಮುಟ್ಟಿ ಬರುತ್ತೇನೆ ಅಂದೆ. “ಮಂಟಪ ಎಲ್ಲೂ ಓಡಿ ಹೋಗಲ್ಲ, ತಿರುಗು.” ಇಳಿದೆವು. ಇಳಿಯೋದು ಹತ್ತೋದಕ್ಕಿಂತ ನಿಧಾನ, ಒಂದೂವರೆ ಗಂಟೆ ಹಿಡಿಯಿತು.

ಮಳೆ ಬಂತಾ? ಒಂದು ಹನಿ ಬರಲಿಲ್ಲ! ಕೆಳಗೆ ಬರುವಷ್ಟರಲ್ಲಿ ಆಕಾಶ ತೊಳೆದಿಟ್ಟ ತಟ್ಟೆ. ನಾವು ಹನ್ನೊಂದು ಜನ ಗುಡಿ ಮುಂದೆ ಮುಖ ಊದಿಸಿಕೊಂಡು ಕೂತೆವು. ಬೇರೆ ಯಾರಾದರೂ ಆಗಿದ್ದರೆ ನೀತಿಪಾಠ ಶುರುಮಾಡುತ್ತಿದ್ದರು. ಮೇಷ್ಟ್ರು ಅಂಗಡಿಗೆ ಹೋಗಿ ಒಂದು ಪೇಪರ್ ತುಂಬ ಬಿಸಿ ಬೋಂಡ ತಂದು ಮುಂದಿಟ್ಟರು. “ನನ್ನ ಲೆಕ್ಕ ತಪ್ಪಾಯ್ತು. ಇದು ದಂಡ. ತಿನ್ನಿ.”

ಮುಂದಿನ ತಿಂಗಳು ಮತ್ತೆ ಹೋದೆವು. ಮತ್ತೆ ಮೋಡ, ಮತ್ತೆ “ತಿರುಗ್ರೋ”. ಮಳೆ ಬರಲಿಲ್ಲ, ಬೋಂಡ ಬಂತು. ಮೂರನೇ ಸಲ ನಮ್ಮ ಪೈಕಿ ಒಬ್ಬ ಮನೆಯಿಂದಲೇ ಚಟ್ನಿ ತಂದಿದ್ದ. ಅವನು ಇಲ್ಲೇ ಕೂತಿದ್ದಾನೆ, ನಗ್ತಿದ್ದಾನೆ ನೋಡಿ. ನಾಲ್ಕನೇ ಸಲ ಅರ್ಧ ದಾರಿ ಇಳಿದಿದ್ದೆವು, ಗುಡುಗು ಶುರುವಾಯಿತು. ನಂದಿ ಮಂಟಪದ ನೆತ್ತಿಯ ಮೇಲೆ ಮಿಂಚು ಇಳಿದಿದ್ದನ್ನು ಹನ್ನೊಂದು ಜನವೂ ನೋಡಿದೆವು. ಯಾರೂ ಮಾತಾಡಲಿಲ್ಲ. ಮೇಷ್ಟ್ರೂ ಆಡಲಿಲ್ಲ. ಅವತ್ತು ಬೋಂಡ ಕೊಡಿಸಲಿಲ್ಲ. ನಾವು ಕೇಳಿದರೆ “ಇವತ್ತು ಲೆಕ್ಕ ಸರಿಯಿತ್ತಲ್ಲ, ಯಾಕೆ ದಂಡ?” ಅಂದರು.

ಬೆಟ್ಟದಲ್ಲಿ ಸರಿಯಾದವನಿಗೆ ಸರ್ಟಿಫಿಕೇಟ್ ಸಿಗೋದಿಲ್ಲ ನೋಡಿ. ಹಿಂದೆ ತಿರುಗಿದವನು ಮೂರು ಸಲ ನಗೆಪಾಟಲಾಗುತ್ತಾನೆ. ಆ ನಗೆಪಾಟಲಿಗೆ ತಯಾರಿರುವ ಗಟ್ಟಿಗನನ್ನು ನಾನು ಇನ್ನೊಬ್ಬನನ್ನು ನೋಡಿಲ್ಲ. ನಮ್ಮ ಆಫೀಸುಗಳಲ್ಲಿ ‘ಲೆಕ್ಕ ತಪ್ಪಾಯ್ತು’ ಅಂತ ಬೋಂಡ ಹಂಚುವ ಮ್ಯಾನೇಜರ್ ಇದ್ದರೆ ಹೇಳಿ, ನಾಳೆಯೇ ಕೆಲಸ ಬದಲಾಯಿಸುತ್ತೇನೆ. ಪುಕ್ಕಲ ಅಂದರೆ ಇದು. ಬ್ಯಾನರಿನ ವಿಷಯಕ್ಕೆ ನಾನು ಮತ್ತೆ ಬರುತ್ತೇನೆ, ಬಿಡೋದಿಲ್ಲ.

ಇನ್ನು ಹೆಜ್ಜೇನು. ರಾಮನಗರದ ಬಂಡೆಗಳಲ್ಲಿ ಹೆಜ್ಜೇನು ಹಾಸಿಗೆ ಹಾಸಿದಂಗೆ ತೂಗುತ್ತಿರುತ್ತದೆ. ಮೇಷ್ಟ್ರು ಬಸ್ಸು ಇಳಿದ ಕೂಡಲೇ ಎಲ್ಲರ ಕತ್ತು ಮೂಸುತ್ತಿದ್ದರು, ಸೆಂಟು ಹಾಕಿದ್ದೀವಾ ಅಂತ. ಆ ವಾಸನೆಗೆ ಹೆಜ್ಜೇನು ಕೆರಳುತ್ತದೆ. ಮದುವೆ ಮನೆಯಿಂದ ಸೀದಾ ಬಂದಿದ್ದ ಒಬ್ಬನಿಗೆ ಕೆರೆಯಲ್ಲಿ ಸ್ನಾನ ಮಾಡಿಸಿದ್ದರು. ಅಲ್ಲೇ ರಾಮದೇವರ ಬೆಟ್ಟದಲ್ಲಿ ಉದ್ದ ಕೊಕ್ಕಿನ ರಣಹದ್ದು ಗೂಡು ಕಟ್ಟುತ್ತದೆ. ವರ್ಷಕ್ಕೆ ಒಂದೇ ಮೊಟ್ಟೆ. 2012ರಲ್ಲಿ ಅದನ್ನು ರಣಹದ್ದು ಧಾಮ ಅಂತ ಘೋಷಿಸಿದರು. ಅದಕ್ಕೂ ಎಷ್ಟೋ ಮುಂಚೆಯೇ ಮೇಷ್ಟ್ರು ಆ ಕಡೆ ಹಗ್ಗ ಹಾಕೋದು ನಿಲ್ಲಿಸಿದ್ದರು. “ಬಾಣಂತಿ ಮನೆ ಗೋಡೆ ಹತ್ತುತ್ತಾರೇನೋ?” ಅಂತ ಕೇಳಿದ್ದರು. ಹಸುಗಳಿಗೆ ಕೊಡುವ ಡೈಕ್ಲೋಫೆನಾಕ್ ನೋವಿನ ಔಷಧಿಯಿಂದ ದೇಶದ ರಣಹದ್ದುಗಳೆಲ್ಲ ಸತ್ತುಹೋಗುತ್ತಿವೆ, 2006ರಲ್ಲಿ ಅದನ್ನು ದನಗಳಿಗೆ ಕೊಡುವುದನ್ನು ನಿಷೇಧಿಸಿದರು ಅಂತೆಲ್ಲ ನಾನು ಓದಿದ್ದು ಆಮೇಲೆ. ಅವರಿಗೆ ಆ ಒಂದು ಮೊಟ್ಟೆ ಸಾಕಾಗಿತ್ತು.

ಚೀಟಿ ಬಂತು. ಐದು ನಿಮಿಷ. ಸರಿ, ಓಟದ ಬಗ್ಗೆ ನಾಲ್ಕು ಪುಟ ಬರೆದುಕೊಂಡು ಬಂದಿದ್ದೆ, ಹೋಯಿತು. ಕಂಠೀರವ ಸ್ಟೇಡಿಯಂನಲ್ಲಿ 5,000 ಮೀಟರ್ ಓಡಿದ ಕಾಲು ಅವು. ಆದರೆ ನಮ್ಮ ಜೊತೆ ಬೆಟ್ಟದಲ್ಲಿ ಆ ಕಾಲು ಯಾವಾಗಲೂ ಸಾಲಿನ ಕೊನೆಯಲ್ಲಿ, ಯಾರೂ ಹಿಂದೆ ಉಳಿಯಬಾರದು ಅಂತ. ಹೆಣ್ಣುಮಕ್ಕಳನ್ನು ಕಳಿಸೋದಿಲ್ಲ ಅಂತ ಅಪ್ಪ ಅಮ್ಮಂದಿರು ಹಟ ಹಿಡಿದಾಗ ಅಮ್ಮನೇ ಸೀರೆ ಎತ್ತಿಕಟ್ಟಿ ಕುಮಾರಪರ್ವತಕ್ಕೆ ಹೊರಟರು. ದಾರಿ ಮಧ್ಯದ ಗಿರಿಗದ್ದೆ ಭಟ್ಟರ ಮನೆಯಲ್ಲಿ ಊಟ ಮಾಡಿ, ಮೇಲೆ ಹೋಗಿ ಬಂದರು. 2024ರ ಜನವರಿಯಲ್ಲಿ ಅದೇ ದಾರಿಯಲ್ಲಿ ಜನ ತಿರುಪತಿ ಕ್ಯೂ ಥರ ನಿಂತ ವಿಡಿಯೋ ನಾನು ಮೇಷ್ಟ್ರಿಗೆ ತೋರಿಸಿದೆ. ನೋಡಿ, ಫೋನ್ ವಾಪಸ್ ಕೊಟ್ಟು, “ಇದರಲ್ಲಿ ಕೊನೆಯವನು ಯಾರು ಅಂತ ಯಾರಿಗಾದರೂ ಗೊತ್ತಾ?” ಅಂದರು.

ಅವರು ಹೋದ ಸುದ್ದಿ ಕೇಳಿ ಕೆಲವರು ನನಗೆ ಫೋನ್ ಮಾಡಿದರು. “ಯಾವ ಬೆಟ್ಟದಲ್ಲಿ?” ಅಂತ ಕೇಳಿದರು. ಬೆಟ್ಟದಲ್ಲಲ್ಲ ಸ್ವಾಮಿ. ಮನೆಯಲ್ಲಿ, ಮಂಚದ ಮೇಲೆ, 79ನೇ ವಯಸ್ಸಿನಲ್ಲಿ, ರಾತ್ರಿ ಮಜ್ಜಿಗೆ ಅನ್ನ ಉಂಡು ಮಲಗಿ. ಕೇಳಿದವರಿಗೆ ಸ್ವಲ್ಪ ನಿರಾಸೆಯೇ ಆಯಿತು ಅನ್ನಿಸುತ್ತದೆ. ಐವತ್ತು ವರ್ಷ ಬಂಡೆ ಹತ್ತಿದ ಮನುಷ್ಯ ಹಾಗೆ ಹೋಗಬೇಕಾದರೆ ಎಷ್ಟು ಪುಕ್ಕಲನಾಗಿರಬೇಕು, ಲೆಕ್ಕ ಹಾಕಿ. ಬ್ಯಾನರ್ ತಿದ್ದಿಸ್ತೀರಾ?

ಆಯ್ತು, ಆಯ್ತು, ಮುಗಿಸ್ತೀನಿ. ಒಂದು ವಸ್ತು ತಂದಿದ್ದೇನೆ.

ಇದು ಅವರ ಹಗ್ಗದ ತುಂಡು. ಕ್ಲೈಂಬಿಂಗ್ ಹಗ್ಗ ಬಾವಿ ಹಗ್ಗದ ಥರ ಅಲ್ಲ. ಬಿದ್ದಾಗ ರಬ್ಬರಿನ ಹಾಗೆ ಸ್ವಲ್ಪ ಹಿಗ್ಗುತ್ತದೆ, ಹಾಗೆ ಹಿಗ್ಗೋದೇ ಬೆನ್ನುಮೂಳೆ ಉಳಿಸೋದು. ಮೆಟ್ಟಿದರೆ ಮರಳಿನ ಕಣ ಒಳಗೆ ಸೇರಿ ಎಳೆ ಎಳೆಯಾಗಿ ಕುಯ್ಯುತ್ತದೆ, ಹೊರಗಿಂದ ಗೊತ್ತೇ ಆಗೋದಿಲ್ಲ. ಅದಕ್ಕೇ ಹಗ್ಗ ಮೆಟ್ಟಿದವನಿಗೆ ಹತ್ತು ಬಸ್ಕಿ. ವಯಸ್ಸಾದ ಹಗ್ಗವನ್ನು ಅವರು ಯಾರಿಗೂ ಕೊಡುತ್ತಿರಲಿಲ್ಲ. ಯಾವನಾದರೂ ಅದನ್ನು ನಂಬಿ ಹತ್ತಿಬಿಟ್ಟಾನು ಅಂತ ಮೊಳದುದ್ದಕ್ಕೆ ಕತ್ತರಿಸಿ ಹಾಕುತ್ತಿದ್ದರು. ಒಂದೇ ಒಂದನ್ನು ಅಮ್ಮ ಜಗಳ ಮಾಡಿ ಬಟ್ಟೆ ಒಣಗಿಸೋಕೆ ಉಳಿಸಿಕೊಂಡರು. ಆ ತಂತಿಯಿಂದಲೇ ಬಿಚ್ಚಿ ತಂದಿದ್ದು ಇದು. ಇನ್ನೂ ಸೋಪಿನ ವಾಸನೆ ಇದೆ.

ಹಿಂದಿನವರೆಗೂ ಕಳಿಸಿ. ಗೊತ್ತಿರುವವರು ಎಂಟರ ಗಂಟು, ಅದೇ 8ರ ಆಕಾರದ ಗಂಟು, ಹಾಕಿ, ಪಕ್ಕದವರು ಪರೀಕ್ಷೆ ಮಾಡಿ, ಬಿಚ್ಚಿ ಮುಂದಕ್ಕೆ ಕೊಡಿ. ಗಂಟು ಹಾಕಿದವನೇ ಪರೀಕ್ಷೆ ಮಾಡಕೂಡದು, ನೆನಪಿದೆಯಲ್ಲ? ಹಾಂ, ಹಾಗೇ. ಎಳೆದು ನೋಡಿ.

ಅಲ್ಲಿ, ಮೂರನೇ ಸಾಲಿನಲ್ಲಿ, ನೀಲಿ ಅಂಗಿ. ಕಾಲು ತೆಗೀರಿ ಸ್ವಾಮಿ, ಹಗ್ಗ ಮೆಟ್ಟಿದ್ದೀರಿ.