ಗೋಡೆಯಲ್ಲಿರುವ ಆ ಸರ್ಟಿಫಿಕೇಟ್ ಯಾರದ್ದು?

(ದೃಶ್ಯ: ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಪೇಟೆ. ಕನ್ನಡಕದ ಅಂಗಡಿ, ಗೋಡೆಯಲ್ಲಿ ಫ್ರೇಮ್ ಹಾಕಿದ ಕಾಗದ.)

ನಮಸ್ಕಾರ. ಗೋಡೆಯಲ್ಲಿ ಸೀಲು, ಸಹಿ ಇರುವ ಕಾಗದ ಉಂಟು. ಬರಹ ಮಲಯಾಳದ್ದು, ನಮ್ಮಲ್ಲಿ ಹಲವರಿಗೆ ಓದಲು ಬರುವುದಿಲ್ಲ. ಡಾಕ್ಟರ ಸರ್ಟಿಫಿಕೇಟ್ ಇರಬೇಕು ಅಂತ ಸುಮ್ನೆ ಕುಳಿತುಬಿಡುತ್ತೇವೆ, ಅಲ್ವಾ? ಅದು ಪಂಚಾಯತ್ ಲೈಸೆನ್ಸ್ ಕೂಡ ಆಗಿರಬಹುದು ಮಾರಾಯ್ರೆ. ಅಂದರೆ ಅಂಗಡಿಗೆ ಕೊಟ್ಟದ್ದು, ಕಣ್ಣು ನೋಡುವವರಿಗಲ್ಲ.

ಕಣ್ಣಿನ ಡಾಕ್ಟರ ಹೆಸರು ಮೆಡಿಕಲ್ ಕೌನ್ಸಿಲ್ ರಿಜಿಸ್ಟರಿನಲ್ಲಿ ಇರಬೇಕು. ಡಾಕ್ಟರುಗಳ ನಡತೆಯ 2002ರ ನಿಯಮದ ಪ್ರಕಾರ ರಿಜಿಸ್ಟರಿನ ನಂಬರನ್ನು ಕ್ಲಿನಿಕ್ಕಿನಲ್ಲಿ ಹಾಕಬೇಕು, ಮದ್ದಿನ ಚೀಟಿಯಲ್ಲೂ ರಸೀದಿಯಲ್ಲೂ ಬರೆಯಬೇಕು. ರಿಜಿಸ್ಟರಿನಲ್ಲಿ ಹೆಸರಿಲ್ಲದೆ ಡಾಕ್ಟರಿಕೆ ಮಾಡಿದರೆ 2019ರ ನ್ಯಾಷನಲ್ ಮೆಡಿಕಲ್ ಕಮಿಷನ್ ಕಾಯ್ದೆಯಲ್ಲಿ ಒಂದು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ, ಅಥವಾ ಎರಡೂ.

(ದೃಶ್ಯ: ಹಳೆಯ ಚೀಟಿಯೊಂದರಲ್ಲಿ 'ಟಿಸಿಎಂಸಿ' ಎಂಬ ಅಕ್ಷರಗಳು.)

ಇದೊಂದು ತಮಾಷೆ ನೋಡಿ. ಟಿಸಿಎಂಸಿ ಅಂದರೆ ತಿರುವಾಂಕೂರು-ಕೊಚ್ಚಿ ಎಂಬ ಹಳೆಯ ರಾಜ್ಯದ ಮೆಡಿಕಲ್ ಕೌನ್ಸಿಲ್. ನಮ್ಮ ಕಾಸರಗೋಡು ಯಾವತ್ತೂ ಆ ರಾಜ್ಯದಲ್ಲಿ ಇರಲೇ ಇಲ್ಲ. 1956ರವರೆಗೆ ನಾವು ದಕ್ಷಿಣ ಕನ್ನಡದವರು! ಆದರೂ 1953ರ ಕಾಯ್ದೆಯ ಆ ಹೆಸರು ನಮ್ಮ ಚೀಟಿಗಳಲ್ಲೂ ಕೂತುಬಿಟ್ಟಿತು. 2021ರ ಹೊಸ ಕಾಯ್ದೆ ಬಂದ ಮೇಲೆ ಅದು ಕೇರಳ ಸ್ಟೇಟ್ ಮೆಡಿಕಲ್ ಕೌನ್ಸಿಲ್.

ಗಡಿಯ ತಾಪತ್ರಯ ಇನ್ನೊಂದು. ಮಂಗಳೂರಿನಲ್ಲಿ ಓದಿದವರ ಹೆಸರು ಸಾಮಾನ್ಯವಾಗಿ ಕರ್ನಾಟಕದ ಕೌನ್ಸಿಲ್‌ನಲ್ಲಿ ಇರುತ್ತದೆ. ಉಪ್ಪಳದಲ್ಲಿ ಕ್ಲಿನಿಕ್ ಇಡುವುದಾದರೆ ಅಲ್ಲಿಂದ ಆಕ್ಷೇಪವಿಲ್ಲ ಎಂಬ ಪತ್ರ, ಅಂದರೆ ಎನ್‌ಒಸಿ ತಂದು ಇಲ್ಲಿ ಕೇರಳದ ಕೌನ್ಸಿಲ್ಲಿನಲ್ಲಿ ಹೆಸರು ಬರೆಸಬೇಕು. ಕ್ಲಿನಿಕ್ಕಿಗೆ ಬೇರೆಯೇ ರಿಜಿಸ್ಟ್ರೇಷನ್. ಗಡಿಯ ತಲಪಾಡಿಯಿಂದ ಆಚೆ ಕರ್ನಾಟಕದ ಖಾಸಗಿ ಆಸ್ಪತ್ರೆ-ಕ್ಲಿನಿಕ್ಕುಗಳ ಕಾಯ್ದೆ ಕೆಪಿಎಂಇ, ಈಚೆ ಕೇರಳದ 2018ರ ಕ್ಲಿನಿಕಲ್ ಎಸ್ಟಾಬ್ಲಿಷ್‌ಮೆಂಟ್ಸ್ ಕಾಯ್ದೆ.

ಇನ್ನು ಆಪ್ಟೋಮೆಟ್ರಿಸ್ಟ್. ಕನ್ನಡಕದ ಪವರ್ ನೋಡುವವರು. ಇವರನ್ನು ನಾವು ಡಾಕ್ಟರೇ ಅಂತ ಕರೆಯುತ್ತೇವೆ, ತಪ್ಪು ನಮ್ಮದೇ. ನಾಲ್ಕು ವರ್ಷದ ಡಿಗ್ರಿ, ಅದರಲ್ಲಿ ಒಂದು ವರ್ಷ ಇಂಟರ್ನ್‌ಶಿಪ್. ಪವರ್ ನೋಡುವುದರಲ್ಲಿ ಇವರ ಕೈ ಪಳಗಿರುತ್ತದೆ. ಪೊರೆ ಆಪರೇಷನ್ ಮಾತ್ರ ಇವರ ಕೆಲಸ ಅಲ್ಲ. ಇವರಿಗೂ ರಿಜಿಸ್ಟರ್ ಬೇಕು ಅಂತ ದೇಶಕ್ಕೆಲ್ಲ ಒಂದೇ ಕಾಯ್ದೆ ಬಂದದ್ದು 2021ರಲ್ಲಿ, ಅಲೈಡ್ ಆ್ಯಂಡ್ ಹೆಲ್ತ್‌ಕೇರ್ ಪ್ರೊಫೆಷನ್ಸ್ ಕಾಯ್ದೆ. ಕಣ್ಣಿನ ಪರೀಕ್ಷೆಗೆ ನೆರವಾಗುವ ಆಫ್ತಾಲ್ಮಿಕ್ ಅಸಿಸ್ಟೆಂಟ್, ವಿಷನ್ ಟೆಕ್ನಿಷಿಯನ್ ಕೂಡ ಇದರಲ್ಲೇ ಬರುತ್ತಾರೆ. ವ್ಯವಸ್ಥೆ ಹೊಸದು. ನಂಬರ್ ಕೇಳಿದಾಗ ತಡವರಿಸಿದರೆ ಕಳ್ಳರು ಅಂತ ತೀರ್ಮಾನಿಸಬೇಡಿ, ಡಿಗ್ರಿ ಸರ್ಟಿಫಿಕೇಟ್ ತೋರಿಸಿ ಅನ್ನಿ.

(ದೃಶ್ಯ: ಶಾಲೆಯ ಜಗಲಿ, ಉಚಿತ ನೇತ್ರ ಶಿಬಿರದ ಸಾಲು.)

ಶಿಬಿರದಲ್ಲಿ ಅಜ್ಜಿಗೆ ಮದ್ದಿನ ಚೀಟಿ ಕೊಟ್ಟರು, ಬರೀ ಸಹಿ ಉಂಟು ಅಂತಿಟ್ಟುಕೊಳ್ಳಿ. "ಡಾಕ್ಟ್ರೇ, ನಂಬರ್ ಒಂದು ಬರೆದು ಕೊಡಿ" ಅಂತ ಕೇಳಿ. ಅರ್ಧ ನಿಮಿಷದ ಕೆಲಸ. ಎಷ್ಟೋ ಡಾಕ್ಟರುಗಳ ಬ್ಯಾಗಿನಲ್ಲಿ ನಂಬರಿನ ಸೀಲೇ ಇರುತ್ತದೆ.