ಎದೆಯೊಳಗಿನ ಪ್ಯೂನ್

ಎಲ್ಲರಿಗೂ ನಮಸ್ಕಾರ.

ನಾನು ಡಾಕ್ಟರಲ್ಲ. 36 ವರ್ಷ ಬ್ಯಾಂಕಿನಲ್ಲಿ ಲೆಜರು ತಾಳೆ ನೋಡಿದವನು. ಪೇಸ್‌ಮೇಕರ್ ಬಗ್ಗೆ, ಅಂದರೆ ಹೃದಯದ ಬಡಿತ ಕಾಯುವ ಪುಟ್ಟ ಪೆಟ್ಟಿಗೆಯ ಬಗ್ಗೆ, ಮಾತಾಡಲು ನಮ್ಮ ಹಿರಿಯರ ಕೂಟದವರು ನನ್ನನ್ನೇ ಹಿಡಿದದ್ದು, ಅದು 2012ರಿಂದ ನನ್ನ ಎದೆಯಲ್ಲಿದೆ ಎಂಬ ಒಂದೇ ಕಾರಣಕ್ಕೆ. ಈಗ ಒಳಗಿರುವುದು ಎರಡನೆಯದು. ಮೊದಲನೆಯದನ್ನು ಕೇಳಿ ಇಸಕೊಂಡಿದ್ದೆ, ತಂದಿದ್ದೇನೆ. ಒಬ್ಬರಿಂದೊಬ್ಬರಿಗೆ ದಾಟಿಸಿ, ನೋಡಿ. ತೂಕ 30 ಗ್ರಾಂ ಕೂಡ ಇಲ್ಲ. ಆದರೆ ಕೊನೆಗೆ ನನ್ನ ಕೈಗೇ ವಾಪಸು ಬರಬೇಕು ಮಾರಾಯ್ರೆ, ಹತ್ತು ವರ್ಷ ನನಗಾಗಿ ದುಡಿದ ಜೀವ ಅದು.

2012ರ ಮಳೆಗಾಲದಲ್ಲಿ ಮುಂಬಯಿಯ ದಾದರ್ ಸ್ಟೇಶನ್ನಿನ ಸೇತುವೆಯ ಮೇಲೆ ಎರಡು ಸಲ ಕಣ್ಣು ಕತ್ತಲೆ ಬಂತು. ಬೆಳಿಗ್ಗೆ ಬರೀ ಚಹಾ ಕುಡಿದು ಹೊರಟದ್ದಕ್ಕೆ ಪಿತ್ತವೇನೋ ಅಂದುಕೊಂಡೆ. ಇಸಿಜಿ ತೆಗೆದರೆ ನಾಡಿ ನಿಮಿಷಕ್ಕೆ 34. ಡಾಕ್ಟರು ಕಂಪ್ಲೀಟ್ ಹಾರ್ಟ್ ಬ್ಲಾಕ್ ಅಂದರು. ಬ್ಲಾಕ್ ಎಂದೊಡನೆ ನಾವು ರಕ್ತನಾಳದ ಬ್ಲಾಕು, ಆಂಜಿಯೋಪ್ಲಾಸ್ಟಿ ಅಂತ ಯೋಚಿಸುತ್ತೇವೆ. ಇದು ಅದಲ್ಲ. ಹೃದಯದ ಮೇಲಿನ ಕೋಣೆಯಲ್ಲಿ ಹುಟ್ಟುವ ವಿದ್ಯುತ್ ಅಪ್ಪಣೆ ಕೆಳಗಿನ ಕೋಣೆಗೆ ತಲುಪುವುದಿಲ್ಲ. ಹೆಡ್ಡಾಫೀಸಿನ ಸರ್ಕ್ಯುಲರು ಬ್ರಾಂಚಿಗೆ ಬಾರದ ಹಾಗೆ. ಬ್ರಾಂಚಿನವರು ತಮಗೆ ತೋಚಿದಂತೆ ನಿಧಾನಕ್ಕೆ ಕೆಲಸ ಮಾಡುತ್ತಿರುತ್ತಾರೆ. ನನಗೆ ಹಾಕಿದ ಪೇಸ್‌ಮೇಕರಿಗೆ ಎರಡು ತಂತಿ. ಒಂದು ಮೇಲಿನ ಮಾತು ಕೇಳಿಸಿಕೊಳ್ಳುತ್ತದೆ, ಇನ್ನೊಂದು ಅದನ್ನು ಕೆಳಗೆ ಮುಟ್ಟಿಸುತ್ತದೆ. ಒಟ್ಟಿನಲ್ಲಿ ಪ್ಯೂನಿನ ಕೆಲಸ. ಹೃದಯ ತಾನಾಗಿ ಬಡಿದರೆ ಅದು ಸುಮ್ಮನೆ ಕೂತು ನೋಡುತ್ತದೆ. ಹಾರ್ಟ್ ಅಟ್ಯಾಕ್ ತಡೆಯುವುದು ಅದರ ಡ್ಯೂಟಿ ಅಲ್ಲ. ಬಿಪಿ, ಶುಗರಿನ ಮಾತ್ರೆ ನುಂಗುತ್ತಲೇ ಇರಬೇಕು.

1958ರ ಅಕ್ಟೋಬರ್ 8ರಂದು ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಆರ್ನೆ ಲಾರ್ಸನ್ ಎಂಬವರ ದೇಹದೊಳಗೆ ಮೊತ್ತಮೊದಲ ಪೇಸ್‌ಮೇಕರ್ ಇಟ್ಟರು. ಅದು ಕೆಲವೇ ಗಂಟೆಗಳಲ್ಲಿ ಕೆಟ್ಟಿತು. ಬದಲಾಯಿಸಿದರು, ಮತ್ತೆ ಬದಲಾಯಿಸಿದರು, ಹೀಗೆ ಇಪ್ಪತ್ತಕ್ಕೂ ಹೆಚ್ಚು ಸಲ. ಆ ಮನುಷ್ಯ 2001ರವರೆಗೆ ಬಾಳಿದರು, ತೀರಿಕೊಂಡಾಗ 86 ವರ್ಷ. ಆಪರೇಷನ್ ಎಂದು ಕೇಳಿ ನಿದ್ದೆಗೆಟ್ಟಿದ್ದ ನನಗೆ ಮಗ ಹೇಳಿದ ಈ ಕಥೆಯೇ ನಿದ್ದೆ ಬರಿಸಿದ್ದು.

ಆಪರೇಷನ್ ದೊಡ್ಡದೇನಲ್ಲ. ಎಡ ಕೊರಳೆಲುಬಿನ ಕೆಳಗೆ ಮರಗಟ್ಟಿಸಿ, ಚರ್ಮದಡಿ ಒಂದು ಜೇಬು ಮಾಡಿ, ರಕ್ತನಾಳದೊಳಗಿಂದ ತಂತಿ ಇಳಿಸುತ್ತಾರೆ. ನನಗೆ ಕಷ್ಟವಾದದ್ದು ಆಮೇಲೆ. ತಂತಿಯ ತುದಿ ಹೃದಯದ ಒಳಗೋಡೆಗೆ ಕಚ್ಚಿಕೊಳ್ಳಲು ಕೆಲವು ವಾರ ಬೇಕು. ಅಲ್ಲಿಯವರೆಗೆ ಎಡಗೈಯನ್ನು ಭುಜಕ್ಕಿಂತ ಮೇಲೆ ಎತ್ತಬಾರದು, ಭಾರ ಹೊರಬಾರದು. ಮುಂಬಯಿಯವನಿಗೆ ಇದರ ಅರ್ಥ ಬೇರೆ. ಲೋಕಲ್ ಹತ್ತಿದ ಕೂಡಲೇ ಕೈ ತನ್ನಷ್ಟಕ್ಕೆ ಮೇಲಿನ ಹಿಡಿಕೆಗೆ ಹೋಗುತ್ತದಲ್ಲ! ಅದಕ್ಕೇ ಹೆಂಡತಿ ಆರು ವಾರ ನನ್ನನ್ನು ಪ್ಲಾಟ್‌ಫಾರ್ಮ್ ಮೆಟ್ಟಲು ಬಿಡಲಿಲ್ಲ. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಎರಡು ತಿಂಗಳು ತೋಳನ್ನು ಪಕ್ಕೆಗೆ ಅಂಟಿಸಿಕೊಂಡೇ ಇದ್ದೆ. ಭುಜ ಹಿಡಿದುಕೊಂಡಿತು. ಅಂಗಿ ತೊಡಿಸಲೂ ಇನ್ನೊಬ್ಬರು ಬೇಕಾಯಿತು. ಕೈ ಎತ್ತಬೇಡಿ ಅಂದ ಆಸ್ಪತ್ರೆಯವರು ಯಾವಾಗಿಂದ ಎತ್ತಬೇಕು ಅಂತ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ನೀವು ಕೇಳಿ. ಭುಜದ ಮಟ್ಟದೊಳಗೆ ಕೈ ಆಡಿಸುತ್ತಲೇ ಇರಬೇಕು.

ಇನ್ನು ನೆರೆಹೊರೆಯವರ ಉಪದೇಶ. ಮಿಕ್ಸಿ ಮುಟ್ಟಬೇಡಿ, ಟಿವಿ ರಿಮೋಟ್ ಮುಟ್ಟಬೇಡಿ! ಇವಕ್ಕೆಲ್ಲ ಹೆದರಬೇಕಾಗಿಲ್ಲ. ಮೈಕ್ರೋವೇವ್ ಕೂಡ ಸರಿ. ಇಂಡಕ್ಷನ್ ಒಲೆಯಿಂದ ಮಾತ್ರ ಎರಡು ಅಡಿ ದೂರ ನಿಲ್ಲಿ. ಮೊಬೈಲನ್ನು ಎಡ ಜೇಬಿನಲ್ಲಿ ಇಡಬೇಡಿ, ಬಲಗಿವಿಗೆ ಹಿಡಿಯಿರಿ. ಮೆಟ್ರೋದಲ್ಲಿ, ಮಾಲಿನಲ್ಲಿ ಮೆಟಲ್ ಡಿಟೆಕ್ಟರ್ ಬಾಗಿಲನ್ನು ನಿಲ್ಲದೆ ದಾಟಿ. ಕೈಯಲ್ಲಿ ಹಿಡಿಯುವ ಡಿಟೆಕ್ಟರನ್ನು ಎದೆಯ ಮೇಲೆ ಹಿಡಿದು ನಿಲ್ಲಲು ಬಿಡಬೇಡಿ. ಪೆಟ್ಟಿಗೆಯ ಜೊತೆ ಆಸ್ಪತ್ರೆಯವರು ಕೊಟ್ಟ ಗುರುತಿನ ಕಾರ್ಡು ತೋರಿಸಿದರೆ ಕೈಯಿಂದಲೇ ತಡವಿ ಬಿಡುತ್ತಾರೆ. ಎಂಆರ್‌ಐಗೆ, ಇನ್ನಾವುದೇ ಆಪರೇಷನ್ನಿಗೆ, ಫಿಸಿಯೋಥೆರಪಿಯ ಕರೆಂಟು ಚಿಕಿತ್ಸೆಗೆ ಮೊದಲು ಆ ಕಾರ್ಡೇ ಮುಂದೆ ಬರಬೇಕು. ಮಾಡೆಲ್ ನಂಬರು ಅದರಲ್ಲೇ ಇರುತ್ತದೆ. ನನ್ನದು ರೈಲ್ವೆ ಪಾಸಿನ ಕವರಿನಲ್ಲಿದೆ. ಒಂದು ತಮಾಷೆಯೂ ಇದೆ. ನಡೆಯುವಾಗ ಬಡಿತ ಏರಿಸಲಿ ಅಂತ ಪೆಟ್ಟಿಗೆಯಲ್ಲಿ ಅಲುಗಾಟ ಗುರುತಿಸುವ ಸೆನ್ಸರ್ ಇಡುತ್ತಾರೆ. ಹೊಂಡದ ರಸ್ತೆಯಲ್ಲಿ ರಿಕ್ಷಾ ಹತ್ತಿದರೆ, ಯಜಮಾನ ಓಡುತ್ತಿದ್ದಾನೆ ಅಂತ ಅದು ಮೋಸಹೋಗುವುದುಂಟು.

ಈಗ ತಪಾಸಣೆ. ಗಾಯ ಒಣಗಿದ ಮೇಲೆ ಒಮ್ಮೆ, ಎರಡು ಮೂರು ತಿಂಗಳಿಗೆ ಒಮ್ಮೆ, ಆಮೇಲೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಹೋಗಬೇಕು. ಸೂಜಿ ಇಲ್ಲ, ನೋವಿಲ್ಲ. ಟೆಕ್ನಿಶಿಯನ್ ಹುಡುಗಿ ಮೌಸಿನಂಥದೊಂದನ್ನು ಎದೆಯ ಮೇಲಿಟ್ಟು "ಕಾಕಾ, ಹಲೂ ನಕಾ" ಅನ್ನುತ್ತಾಳೆ, ಅಲುಗಾಡಬೇಡಿ ಅಂತ ಮರಾಠಿಯಲ್ಲಿ. ಪರದೆಯ ಮೇಲೆ ನನ್ನ ಬಡಿತ ಸಾಲುಸಾಲಾಗಿ ಓಡುತ್ತದೆ. ಅವಳು ವೋಲ್ಟೇಜನ್ನು ಮೆಟ್ಟಿಲಿಳಿಸುತ್ತ ಹೋಗುತ್ತಾಳೆ: 1.5, 1.25, 1, 0.75. ಒಂದು ಹಂತದಲ್ಲಿ ಎದೆಯೊಳಗೆ ಏನೋ ಖಾಲಿಯಾದಂತೆ ಆಗುತ್ತದೆ. ಒಂದು ಬಡಿತ ತಪ್ಪಿತು. ಮರುಕ್ಷಣ ಅವಳು ಏರಿಸಿರುತ್ತಾಳೆ. ಎಷ್ಟು ಮೆಲ್ಲಗೆ ತಟ್ಟಿದರೆ ಹೃದಯ ಏಳುತ್ತದೆ ಅಂತ ನೋಡಿ, ಅದರ ಸುಮಾರು ಎರಡರಷ್ಟಕ್ಕೆ ನಿಲ್ಲಿಸುತ್ತಾರೆ. ಬೇಕಾದ್ದಕ್ಕಿಂತ ಹೆಚ್ಚಿಟ್ಟರೆ ಬ್ಯಾಟರಿ ಬೇಗ ಸವೆಯುತ್ತದೆ. ತಂತಿ ಸರಿಯಿದೆಯೇ, ಬ್ಯಾಟರಿ ಎಷ್ಟಿದೆ, ನೂರರಲ್ಲಿ ಎಷ್ಟು ಬಡಿತ ಪೆಟ್ಟಿಗೆಯದು, ಎಲ್ಲ ಪ್ರಿಂಟಾಗಿ ಬರುತ್ತದೆ. ನನ್ನದು ನೂರಕ್ಕೆ 98. ನನ್ನ ಪ್ಯೂನಿಗೆ ರಜೆ ಎಂಬುದೇ ಇಲ್ಲ.

ಬ್ಯಾಂಕಿನಲ್ಲಿ ಹತ್ತು ಪೈಸೆ ತಾಳೆಯಾಗದಿದ್ದರೆ ರಾತ್ರಿ ಮನೆಗೆ ಹೋಗದ ನಾನು, ಈ ತಪಾಸಣೆಗೆ ಹೋಗುವ ಲೆಕ್ಕದಲ್ಲಿ ತಪ್ಪಿದೆ. 2020ರಲ್ಲಿ ಲಾಕ್‌ಡೌನ್ ನೆಪ, 2021ರಲ್ಲಿ ಬರೀ ಸೋಮಾರಿತನ. ಏನೂ ತೊಂದರೆ ಇಲ್ಲವಲ್ಲ! 2022ರ ದೀಪಾವಳಿ ಹೊತ್ತಿಗೆ ಅದೇ ದಾದರ್ ಸೇತುವೆಯ ಅರ್ಧ ಮೆಟ್ಟಿಲಿಗೇ ಏದುಸಿರು. ವಯಸ್ಸಾಯಿತು ಅಂತ ಮೂರು ವಾರ ಕಳೆದೆ. ಕೊನೆಗೆ ಹೋದರೆ ಬ್ಯಾಟರಿ ಬದಲಿಸುವ ಗೆರೆ ದಾಟಿತ್ತು. ಆ ಗೆರೆ ಮುಟ್ಟಿದಾಗ ಕೆಲವು ಕಂಪನಿಗಳ ಪೆಟ್ಟಿಗೆ ಉಳಿತಾಯಕ್ಕಿಳಿಯುತ್ತದೆ. ಮೇಲಿನ ಕೋಣೆಯ ಮಾತು ಕೇಳುವುದನ್ನು ಬಿಟ್ಟು ಕೆಳಗಿನದನ್ನು ಮಾತ್ರ ನಿಮಿಷಕ್ಕೆ 65ರಂತೆ ತಟ್ಟುತ್ತದೆ, ನೀವು ಕೂತಿರಲಿ, ಮೆಟ್ಟಿಲು ಹತ್ತುತ್ತಿರಲಿ. ನನ್ನ ಏದುಸಿರು ವಯಸ್ಸಿನದಾಗಿರಲಿಲ್ಲ. ಬ್ಯಾಟರಿ ಮುಚ್ಚಿದ ಪೆಟ್ಟಿಗೆಯೊಳಗಿರುವುದರಿಂದ ಇಡೀ ಪೆಟ್ಟಿಗೆಯನ್ನೇ ಬದಲಿಸಿದರು. ತಂತಿ ಹಳೆಯದೇ. ಮಾರನೆ ದಿನ ಮನೆ. ಈಗ ಗೋಡೆಯ ಕ್ಯಾಲೆಂಡರಿನಲ್ಲಿ ಜೂನ್ ಮತ್ತು ಡಿಸೆಂಬರಿಗೆ ಕೆಂಪು ಸುತ್ತು ಹಾಕಿದ್ದೇನೆ.

ಕಡೆಯ ಮಾತನ್ನು ಇಲ್ಲಿ ಆಡಬೇಡಿ ಅಂತ ಹೆಂಡತಿ ಬೆಳಿಗ್ಗೆಯೇ ಗದರಿದ್ದಾಳೆ, ಅಪಶಕುನವಂತೆ. ಆಡದೆ ವಿಧಿಯಿಲ್ಲ. ಪೇಸ್‌ಮೇಕರ್ ಇರುವ ದೇಹವನ್ನು ಹಾಗೆಯೇ ಸುಡಬಾರದು, ಬೆಂಕಿಗೆ ಬ್ಯಾಟರಿ ಸಿಡಿಯುತ್ತದೆ. ಚಿತೆಯಾದರೂ ಅಷ್ಟೆ, ವಿದ್ಯುತ್ ಚಿತಾಗಾರವಾದರೂ ಅಷ್ಟೆ. ಮೊದಲೇ ಡಾಕ್ಟರಿಂದ ತೆಗೆಸಬೇಕು. ಅಳುವಿನ ಮನೆಯಲ್ಲಿ ಇದು ಯಾರ ನೆನಪಿಗೂ ಬರುವುದಿಲ್ಲ, ಅದಕ್ಕೇ ಕಾರ್ಡಿನ ಹಿಂಬದಿಯಲ್ಲಿ ಬರೆದು ಮಗನಿಗೆ ತೋರಿಸಿ ಇಟ್ಟಿದ್ದೇನೆ. ಯಾರೂ ಕೇಳದಿದ್ದರೂ ನೀನಾಗಿಯೇ ಹೇಳು ಅಂದಿದ್ದೇನೆ.