ದನಕ್ಕೆ ಸಿಗುವ ರಿಯಾಯಿತಿ ಹಕ್ಕಿಗೆ ಸಿಕ್ಕರೆ ಯಾರ ಗಂಟು ಹೋಯಿತು?

ನಮಸ್ಕಾರ. ಅಮೆರಿಕದ ಟೆಕ್ಸಸ್‌ನಲ್ಲಿ ಜಮೀನನ್ನು ವನ್ಯಜೀವಿಗಳಿಗೆ ಬಿಟ್ಟವರ ಆಸ್ತಿ ತೆರಿಗೆಯ ಕಾನೂನನ್ನು ಹೊಗಳಿದ್ದ ಹಿಂದಿನ ಸಂಚಿಕೆಯ ಕೆಳಗೆ ಒಬ್ಬ ಮಹಾಶಯರು ಬರೆದಿದ್ದಾರೆ: "ಟೆಕ್ಸಸ್‌ನ ಶ್ರೀಮಂತರು ನಾಲ್ಕು ಹಕ್ಕಿಗೂಡು ನೇತುಹಾಕಿ ಆಸ್ತಿ ತೆರಿಗೆ ತಪ್ಪಿಸಿಕೊಳ್ಳುತ್ತಾರೆ, ನೀವು ಚಪ್ಪಾಳೆ ತಟ್ಟುತ್ತೀರಿ." ನನ್ನ ಇಡೀ ಸಂಚಿಕೆಗಿಂತ ಈ ಒಂದು ಸಾಲಿಗೇ ಹೆಚ್ಚು ಮೆಚ್ಚುಗೆ ಬಿದ್ದಿದೆ. ಇರಲಿ, ಹೊಟ್ಟೆಕಿಚ್ಚಿಲ್ಲ. ಸ್ವಲ್ಪ ಇದೆ.

ಸ್ವಾಮಿ, ಮೊದಲು ಕಾನೂನು ಓದಿ. ಟೆಕ್ಸಸ್‌ನಲ್ಲಿ ಕೃಷಿ ಭೂಮಿಗೆ ಮಾರುಕಟ್ಟೆ ಬೆಲೆಯ ಮೇಲೆ ತೆರಿಗೆ ಹಾಕುವುದಿಲ್ಲ. ಅದು ಎಷ್ಟು ಉತ್ಪನ್ನ ಕೊಡಬಲ್ಲದು ಎಂಬ ಲೆಕ್ಕದ ಮೇಲೆ ಹಾಕುತ್ತಾರೆ. 1995ರಲ್ಲಿ ಮತದಾರರು ಸಂವಿಧಾನ ತಿದ್ದುಪಡಿಗೆ ಒಪ್ಪಿದ್ದರಿಂದ ವನ್ಯಜೀವಿ ನಿರ್ವಹಣೆಯೂ ಅದೇ ಸಾಲಿಗೆ ಸೇರಿತು. ಆದರೆ ಬೀಳುಬಿದ್ದ ಯಾವುದೋ ನಿವೇಶನ ತಂದು ತೋರಿಸಿದರೆ ನಡೆಯುವುದಿಲ್ಲ. ಆ ಜಮೀನಿಗೆ ಅದಕ್ಕೂ ಮೊದಲೇ ಉತ್ಪನ್ನದ ಮೇಲೆ ತೆರಿಗೆ ಹಾಕುವ ಆ ಲೆಕ್ಕದ ಮಾನ್ಯತೆ ಇರಬೇಕು. ಅಂದರೆ, ದನ ಮೇಯಿಸಿದಾಗ ಎಷ್ಟು ತೆರಿಗೆಯೋ, ಹಕ್ಕಿಗಳಿಗೆ ಬಿಟ್ಟಾಗಲೂ ಅಷ್ಟೇ. ಹೊಸ ರಿಯಾಯಿತಿ ಎಲ್ಲಿದೆ, ತೋರಿಸಿ.

ಇನ್ನು ಆ ನಾಲ್ಕು ಗೂಡು. ಕಾನೂನು ಏಳು ಬಗೆಯ ಕೆಲಸ ಹೇಳುತ್ತದೆ: ಆವಾಸದ ಸುಧಾರಣೆ, ಮಣ್ಣಿನ ಸವಕಳಿಗೆ ತಡೆ, ಬೇಟೆಗಾರ ಪ್ರಾಣಿಗಳ ನಿಯಂತ್ರಣ, ಹೆಚ್ಚುವರಿ ನೀರು, ಹೆಚ್ಚುವರಿ ಆಹಾರ, ಆಸರೆ, ಗಣತಿ. ಕನಿಷ್ಠ ಮೂರನ್ನಾದರೂ ಮಾಡಲೇಬೇಕು. ಗೂಡು ನೇತುಹಾಕಿದರೆ ಹೆಚ್ಚೆಂದರೆ ಒಂದಾಯಿತು, ಉಳಿದ ಎರಡನ್ನು ಮಹಾಶಯರು ಬಂದು ಮಾಡಿಕೊಡುತ್ತಾರೆಯೇ? ಕೌಬರ್ಡ್ ಹಕ್ಕಿಗಳನ್ನು ಬಲೆಗೆ ಕೆಡವುವುದೂ ಈ ಪಟ್ಟಿಗೆ ಬರುತ್ತದೆ. ಅದು ಕೋಗಿಲೆಯ ಹಾಗೆ ಪರರ ಗೂಡಿನಲ್ಲಿ ಮೊಟ್ಟೆಯಿಟ್ಟು ಹೋಗುವ ಹಕ್ಕಿ. ಕೋಗಿಲೆಗೆ ಕವಿತೆ, ಕೌಬರ್ಡ್‌ಗೆ ಬಲೆ! ಈ ಅನ್ಯಾಯದ ಬಗ್ಗೆ ಬೇರೆಯೇ ಸಂಚಿಕೆ ಬರಲಿದೆ, ಚಂದಾದಾರರಾಗಿ.

ಚಿನ್ನದ ಕೆನ್ನೆಯ ವಾರ್ಬ್ಲರ್ ಎಂಬ ಪುಟ್ಟ ಹಕ್ಕಿ ಇಡೀ ಜಗತ್ತಿನಲ್ಲಿ ಮರಿ ಮಾಡುವುದು ಟೆಕ್ಸಸ್‌ನಲ್ಲಿ ಮಾತ್ರ. ಹಳೆಯ ಜುನಿಪರ್ ಮರದ ತೊಗಟೆಯ ಎಳೆಗಳಿಲ್ಲದೆ ಅದು ಗೂಡು ಕಟ್ಟುವುದಿಲ್ಲ. ಆ ರಾಜ್ಯದ ನೆಲದಲ್ಲಿ ಶೇಕಡಾ 90ಕ್ಕಿಂತ ಹೆಚ್ಚು ಖಾಸಗಿಯವರ ಕೈಯಲ್ಲಿದೆ. ತೆರಿಗೆ ಉಳಿಸಲು ದನ ಕಟ್ಟಲೇಬೇಕು ಎಂದರೆ ಮಾಲೀಕ ಹುಲ್ಲು ಬೋಳಾಗುವವರೆಗೂ ಮೇಯಿಸುತ್ತಾನೆ. ಹಕ್ಕಿಗೆ ಬಿಟ್ಟರೂ ತೆರಿಗೆ ಅಷ್ಟೇ ಎಂದಾಗ ಮಾತ್ರ ಅವನು ಮರದ ಕಡೆ ತಿರುಗಿ ನೋಡುತ್ತಾನೆ. ಅಷ್ಟೇ ತೆರಿಗೆ! ಒಂದು ಡಾಲರ್ ಕಡಿಮೆಯಿಲ್ಲ!

"ಆಸ್ತಿ ತೆರಿಗೆಯಿಂದ ಶಾಲೆಗಳಿಗೆ ಬರುವ ಹಣ ಕಡಿಮೆಯಾಗುತ್ತದೆ" ಎನ್ನುವವರಿದ್ದೀರಿ. ಹಾಗಾದರೆ ದನದ ಕೊಟ್ಟಿಗೆಯ ಮುಂದೆ ಧರಣಿ ಕೂರಿ, ಹಕ್ಕಿಯ ಮೇಲೇಕೆ ಸಿಟ್ಟು? "ಜಿಂಕೆ ಬೇಟೆಯಾಡುವವರಿಗೂ ಇದರ ಲಾಭ" ಎನ್ನುತ್ತೀರಿ. ಹೌದು, ಲಾಭವಿದೆ. ದನವನ್ನೇನು ಪೂಜೆಗೆ ಸಾಕಿದ್ದರೇ? "ಕೆಲವರು ಮೋಸ ಮಾಡುತ್ತಾರೆ" ಎನ್ನುತ್ತೀರಿ. ತೆರಿಗೆ ಎಂದ ಮೇಲೆ ಮೋಸವಿಲ್ಲದ ಜಾಗ ಯಾವುದಾದರೂ ಇದ್ದರೆ ವಿಳಾಸ ಕಳುಹಿಸಿ, ಅಲ್ಲಿಗೇ ಹೋಗಿ ನೆಲೆಸುತ್ತೇನೆ.

ಇನ್ನೊಂದು ಸಲ ಹೇಳುತ್ತೇನೆ, ಕಿವುಡರಿಗೂ ಕೇಳಲಿ: ದನಕ್ಕೂ ಅಷ್ಟೇ, ಹಕ್ಕಿಗೂ ಅಷ್ಟೇ! ನನ್ನ ಕೈಯಲ್ಲಿರುವ ಹಾಳೆಯಲ್ಲಿ ಇನ್ನೂ ಎರಡು ಕಾರಣಗಳಿದ್ದವು, ಸಿಟ್ಟಿನಲ್ಲಿ ಓದುವ ಮನಸ್ಸಿಲ್ಲ. ಬೈಯುವವರು ಧಾರಾಳವಾಗಿ ಬೈಯಿರಿ. ಬೈಯುವ ಮೊದಲು ಗಂಟೆಯ ಗುಂಡಿ ಒತ್ತಿ, ಮುಂದಿನ ಸಂಚಿಕೆಗೂ ಬಂದು ಬೈಯಲು ಅನುಕೂಲವಾಗುತ್ತದೆ.